ಒಗರಿದ್ದರೆ ಇಡಿ, ಇಲ್ಲದಿದ್ದರೆ ಕುಡಿದುಬಿಡಿ

ಕೆಂಪು ವೈನ್ ಕೊಂಡು ಇಡುವ ಬಗ್ಗೆ ಬಂದ ಪ್ರಶ್ನೆಗಳು ತುಂಬಾ ಆಗಿದ್ದವು. ಈ ಸಂಚಿಕೆ ಪೂರ್ತಿ ಅವಕ್ಕೇ. ಹೊಸಬರಿಗೆ ಒಂದು ಮಾತು: ನಾನು ಪ್ರಯಾಣಿಕರ ಹಡಗುಗಳಲ್ಲಿ 22 ವರ್ಷ ವೈನ್ ಸ್ಟೋರ್ ನೋಡಿಕೊಂಡವಳು. ವೈನ್ ಮಾಡಿದವಳಲ್ಲ, ಮಾರಿದವಳೂ ಅಲ್ಲ. ಸಾವಿರಾರು ಬಾಟಲಿ ಎಣಿಸಿದ್ದೇನೆ, ಕೆಲವನ್ನು ಕೈಯಾರೆ ಹಾಳು ಮಾಡಿದ್ದೇನೆ. ನಿವೃತ್ತಿಯಾದ ಮೇಲೆ ಸ್ವಂತ ದುಡ್ಡಲ್ಲಿ ಕೊಳ್ಳಲು ಶುರು ಮಾಡಿದಾಗಲೇ ಗೊತ್ತಾಗಿದ್ದು, ಕಂಪನಿ ದುಡ್ಡಲ್ಲಿ ಕಲಿತಿದ್ದು ಅರ್ಧ ಪಾಠ ಮಾತ್ರ ಅಂತ.

ಪ್ರಶ್ನೆ: ಮೇಡಂ, ಕೆಂಪು ವೈನ್ ಇಟ್ಟಷ್ಟೂ ರುಚಿ ಅಂತಾರೆ. ಮದುವೆಗೆ ಉಡುಗೊರೆಯಾಗಿ ಬಂದ ಒಂದು ಬಾಟಲಿಯನ್ನು ಒಂಬತ್ತು ವರ್ಷದಿಂದ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೇವೆ. ಹತ್ತನೇ ವಾರ್ಷಿಕೋತ್ಸವಕ್ಕೆ ತೆಗೆಯೋಣವೇ?

ಉತ್ತರ: ಇವತ್ತೇ ತೆಗೆಯಿರಿ. ಪಕ್ಕದಲ್ಲಿ ಇನ್ನೊಂದು ಹೊಸ ಬಾಟಲಿ ಇರಲಿ, ನಿರಾಸೆಯಾದರೆ ಬೇಕಾಗುತ್ತದೆ. ಅಡುಗೆಮನೆಯ ಮೇಲಿನ ಕಪಾಟು ಅಂದರೆ ಒಲೆಯ ಕಾವೆಲ್ಲ ಏರಿ ಕೂರುವ ಜಾಗ. ಅಲ್ಲಿ ಒಂಬತ್ತು ವರ್ಷ ಕಳೆದ ವೈನ್ ಮೇಲೆ ನನಗೆ ಜಾಸ್ತಿ ನಂಬಿಕೆಯಿಲ್ಲ. ಹುಳಿಯಾಗಿ ಸಪ್ಪೆಯಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ತಪ್ಪು ನಿಮ್ಮದಲ್ಲ. 'ಇಟ್ಟಷ್ಟೂ ರುಚಿ' ಎಂಬ ಮಾತಿನದು.

ಪ್ರಪಂಚದಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಒಂದೆರಡು ವರ್ಷದಲ್ಲಿ ಕುಡಿಯಲೆಂದೇ ಮಾಡಿದ್ದು. ಅದನ್ನು ಇಟ್ಟರೆ ಮಾಗುವುದಿಲ್ಲ, ಬಾಡುತ್ತದೆ. ಮಾಗಬೇಕಾದರೆ ಕೆಂಪು ವೈನಿನಲ್ಲಿ ಮೊದಲೇ ಎರಡು ಗುಣ ಇರಬೇಕು: ಒಗರು ಮತ್ತು ಹುಳಿ. ಎಳೆಗಾಯಿ ಕಚ್ಚಿದರೆ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಆ ಒಗರನ್ನೇ ವೈನ್‌ನವರು ಟ್ಯಾನಿನ್ ಅನ್ನುವುದು. ಅದು ದ್ರಾಕ್ಷಿಯ ಸಿಪ್ಪೆ, ಬೀಜ, ಸ್ವಲ್ಪ ಮಟ್ಟಿಗೆ ಓಕ್ ಪೀಪಾಯಿಯಿಂದ ಬರುತ್ತದೆ. ವರ್ಷಗಳು ಕಳೆದಂತೆ ಈ ಒಗರಿನ ಕಣಗಳು ಒಂದಕ್ಕೊಂದು, ಬಣ್ಣದ ಕಣಗಳಿಗೂ ಅಂಟಿಕೊಂಡು ದೊಡ್ಡದಾಗುತ್ತವೆ. ಕೊನೆಗೆ ಭಾರ ತಾಳದೆ ತಳಕ್ಕಿಳಿದು ಗಸಿಯಾಗುತ್ತವೆ. ನೇರಳೆ ಬಣ್ಣ ಹೋಗಿ ಇಟ್ಟಿಗೆ ಬಣ್ಣ ಬರುತ್ತದೆ. ಹಸಿ ಹಣ್ಣಿನ ವಾಸನೆಯ ಜಾಗಕ್ಕೆ ಒಣಗಿದ ಎಲೆ, ಚರ್ಮ, ತಂಬಾಕು, ಮಳೆ ಬಿದ್ದ ಮಣ್ಣು ಬರುತ್ತವೆ. ಒಗರೇ ಇಲ್ಲದ ವೈನಿಗೆ ಈ ದಾರಿಯೇ ಇಲ್ಲ. ಹೂವನ್ನು ಬುಟ್ಟಿಯಲ್ಲಿ ಇಟ್ಟುಕೊಂಡರೆ ಹಣ್ಣಾಗುತ್ತದೆಯೇ?

ಪ್ರಶ್ನೆ: ಹತ್ತು ವರ್ಷವಾದರೂ ಇಡಬಹುದಾದ ಕೆಂಪು ವೈನ್ ಬೇಕು. ಆದರೆ ಓದಿದಲ್ಲೆಲ್ಲ ಫ್ರಾನ್ಸಿನ ಬೋರ್ಡೋ, ಬರ್ಗಂಡಿ, ಇಟಲಿಯ ಬರೋಲೊ ಅನ್ನುತ್ತಾರೆ. ಬೆಲೆ ನೋಡಿದರೆ ತಲೆ ತಿರುಗುತ್ತದೆ. ಕಡಿಮೆ ದುಡ್ಡಿನವರಿಗೆ ದಾರಿ ಇದೆಯೇ?

ಉತ್ತರ: ಇದೆ. ಈ ಪ್ರಶ್ನೆ ಬಂದರೆ ನಾನು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಹೆಸರಿಗೆ ಕೊಡುವ ದುಡ್ಡು ಬೇರೆ, ವೈನಿಗೆ ಕೊಡುವ ದುಡ್ಡು ಬೇರೆ. ಹೆಸರಾದ ಜಾಗದಲ್ಲಿ ಜಮೀನೇ ದುಬಾರಿ, ಅದರ ಬಡ್ಡಿಯನ್ನು ನೀವು ಬಾಟಲಿಯಲ್ಲಿ ಕಟ್ಟುತ್ತೀರಿ. ಹಾಗಾಗಿ ನಾನು ಹುಡುಕುವುದು ಒಗರು, ಹುಳಿ ಎರಡೂ ಇದ್ದು ಹೆಸರು ಮಾತ್ರ ಇಲ್ಲದ ಜಾಗಗಳನ್ನು.

ಮೊದಲನೆಯದು ಸ್ಪೇನಿನ ರಿಯೋಹಾ. ಹೆಸರೇನೋ ಇದೆ, ಆದರೂ ಕೊಟ್ಟ ದುಡ್ಡಿಗೆ ಸಿಗುವ ವಯಸ್ಸು ಇಲ್ಲಿ ಜಾಸ್ತಿ. ಕಾಯುವ ಕೆಲಸವನ್ನು ನಿಮ್ಮ ಪರವಾಗಿ ಅವರೇ ಮಾಡಿರುತ್ತಾರೆ, ಅದೂ ಕಾನೂನಿನ ಪ್ರಕಾರ. ಲೇಬಲ್ ಮೇಲೆ ರೆಸೆರ್ವಾ ಅಂತ ಇದ್ದರೆ ಆ ವೈನ್ ಕನಿಷ್ಠ 3 ವರ್ಷ ಕಳೆದು ಹೊರಬಂದಿದೆ, ಅದರಲ್ಲಿ 1 ವರ್ಷವಾದರೂ ಓಕ್ ಪೀಪಾಯಿಯಲ್ಲಿ. ಗ್ರಾನ್ ರೆಸೆರ್ವಾ ಅಂತ ಇದ್ದರೆ ಒಟ್ಟು 5 ವರ್ಷ, ಪೀಪಾಯಿಯಲ್ಲೇ ಕನಿಷ್ಠ 2. ಒಳ್ಳೆಯ ಮನೆತನದ ಗ್ರಾನ್ ರೆಸೆರ್ವಾ ಇನ್ನೂ ಹತ್ತು ಹದಿನೈದು ವರ್ಷ ಆರಾಮಾಗಿ ಇರುತ್ತದೆ. ಜಾಗ, ತಾಳ್ಮೆ ಎರಡೂ ಇಲ್ಲದವರಿಗೆ ನಾನು ಹೇಳುವುದು ಇದನ್ನೇ.

ಎರಡನೆಯದು ಫ್ರಾನ್ಸಿನ ಬೋಜೊಲೆ. ನಗಬೇಡಿ. ನವೆಂಬರ್ ತಿಂಗಳ ಮೂರನೇ ಗುರುವಾರ ಬರುವ ಆ ವರ್ಷದ ಹೊಸ ವೈನ್ 'ನೂವೋ' ಅಲ್ಲ, ಅದು ಆ ಚಳಿಗಾಲಕ್ಕೇ ಮುಗಿಸುವಂಥದ್ದು. ನಾನು ಹೇಳುತ್ತಿರುವುದು ಅಲ್ಲಿನ 10 'ಕ್ರೂ', ಅಂದರೆ ಮೇಲ್ದರ್ಜೆಯ, ಹಳ್ಳಿಗಳ ವೈನ್. ಅದರಲ್ಲೂ ಮೊರ್ಗೋಂ ಮತ್ತು ಮೂಲಾಂ-ಆ-ವಾಂ. ದ್ರಾಕ್ಷಿ ಗಾಮೇ. ಇದೊಂದು ಕೀಳು ಬಳ್ಳಿ ಎಂದು 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ತನ್ನ ಸೀಮೆಯಿಂದ ಕಿತ್ತುಹಾಕಿಸಲು ಆಜ್ಞೆ ಮಾಡಿದ್ದ. ಅದೇ ಗಾಮೇ ಮೊರ್ಗೋಂನ ಮಣ್ಣಿನಲ್ಲಿ ಎಂಟು ಹತ್ತು ವರ್ಷ ಕಳೆದರೆ ಬರ್ಗಂಡಿಯ ಪಿನೋ ನ್ವಾರ್ ದ್ರಾಕ್ಷಿಯ ವೈನ್ ಥರವೇ ಆಗುತ್ತದೆ. ಆ ಕಡೆಯವರು ಹೀಗೆ ಮಾಗುವುದಕ್ಕೆ 'ಮೊರ್ಗೊನೇ' ಎಂಬ ಕ್ರಿಯಾಪದವನ್ನೇ ಮಾಡಿಕೊಂಡಿದ್ದಾರೆ. ಡ್ಯೂಕ್ ಇದ್ದಿದ್ದರೆ ಒಂದು ಗ್ಲಾಸ್ ಕೊಡಬಹುದಿತ್ತು.

ಆಮೇಲೆ ನಿಜವಾದ ಗಟ್ಟಿಗರು. ಫ್ರಾನ್ಸಿನ ನೈಋತ್ಯದ ಮಾದಿರಾಂ ವೈನನ್ನು ಎಳೆಯದಾಗಿದ್ದಾಗ ಕುಡಿದರೆ ಬಾಯಿ ಹೊಲಿದಂತಾಗುತ್ತದೆ. ಅಲ್ಲಿನ ದ್ರಾಕ್ಷಿಯ ಹೆಸರೇ ತನ್ನಾ. ಒಗರು ಎಷ್ಟೆಂದರೆ ಅದನ್ನು ಪಳಗಿಸಲು 1990ರ ದಶಕದಲ್ಲಿ ಪಾತ್ರಿಕ್ ದ್ಯುಕೂರ್ನೋ ಎಂಬ ಅಲ್ಲಿನ ವೈನ್ ತಯಾರಕರು ವೈನಿನೊಳಗೆ ಆಮ್ಲಜನಕದ ಸಣ್ಣ ಗುಳ್ಳೆ ಬಿಡುವ ಉಪಾಯವನ್ನೇ ಕಂಡುಹಿಡಿದರು. ಇಟಲಿಯ ದಕ್ಷಿಣದಲ್ಲಿ, ಆರಿಹೋದ ಜ್ವಾಲಾಮುಖಿ ವುಲ್ತುರೆಯ ಇಳಿಜಾರಿನಲ್ಲಿ ಆಲ್ಯಾನಿಕೊ ದ್ರಾಕ್ಷಿ ಬೆಳೆಯುತ್ತದೆ. ಗ್ರೀಸಿನ ನಾವುಸಾದಲ್ಲಿ ಕ್ಸಿನೋಮಾವ್ರೊ, ಹೆಸರಿನ ಅರ್ಥವೇ 'ಹುಳಿ ಕಪ್ಪು'. ಪೋರ್ಚುಗಲ್ಲಿನ ಬೈರ್ರಾದದಲ್ಲಿ ಬಾಗಾ. ಈ ನಾಲ್ಕೂ ಹತ್ತು ವರ್ಷಕ್ಕೆ ಜಗ್ಗುವವಲ್ಲ. ಹೆಸರು ಹೇಳಲು ನಾಲಿಗೆ ತಿರುಗದಿರುವುದೇ ಇವುಗಳ ಬೆಲೆ ಏರದಿರುವುದಕ್ಕೆ ಒಂದು ಕಾರಣ ಅಂತ ನನ್ನ ಗುಮಾನಿ. ತಿರುಗದೇ ಇರಲಿ ಬಿಡಿ.

ಬರೋಲೊ ಮೇಲೆ ಮನಸ್ಸಿದ್ದರೆ ಅದೇ ನೆಬ್ಬಿಯೋಲೊ ದ್ರಾಕ್ಷಿಯ 'ಲಾಂಗೆ ನೆಬ್ಬಿಯೋಲೊ' ಕೊಳ್ಳಿ. ಬರೋಲೊವನ್ನು 38 ತಿಂಗಳು ಇಟ್ಟೇ ಹೊರಬಿಡಬೇಕು ಎಂಬ ನಿಯಮ ಇದಕ್ಕಿಲ್ಲ, ಬೆಲೆಯೂ ಕಡಿಮೆ, ಐದಾರು ವರ್ಷ ಚೆನ್ನಾಗಿ ಇರುತ್ತದೆ. ಇನ್ನೊಂದು ಮೆಟ್ಟಿಲು ಹತ್ತಬಹುದಾದರೆ ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ. ಇದು ಬಾರ್ಬರೆಸ್ಕೊ ಊರಿನ ಬೆಳೆಗಾರರ ಸಹಕಾರ ಸಂಘ, ದ್ರಾಕ್ಷಿ ಅದೇ ನೆಬ್ಬಿಯೋಲೊ. 1958ರಲ್ಲಿ ಊರಿನ ಪಾದ್ರಿ 19 ಬೆಳೆಗಾರರನ್ನು ಕೂಡಿಸಿ ಕಟ್ಟಿದ್ದು. ಸಹಕಾರ ಸಂಘದ ವೈನ್ ಅಂದರೆ ಮೂಗು ಮುರಿಯುವವರು ಇದನ್ನು ಕುಡಿದು ಸುಮ್ಮನಾಗಿದ್ದನ್ನು ನಾನೇ ನೋಡಿದ್ದೇನೆ.

ಬೋರ್ಡೋ ಬಗ್ಗೆ ಎರಡೇ ಮಾತು. 1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆಂದು ಅಲ್ಲಿನ ವೈನ್ ಮನೆಗಳನ್ನು ಐದು ದರ್ಜೆ ಮಾಡಿ ಬರೆದ ಪಟ್ಟಿ ಇನ್ನೂ ಬೆಲೆ ನಡೆಸುತ್ತಿದೆ. ಇಷ್ಟು ವರ್ಷದಲ್ಲಿ ಆ ಪಟ್ಟಿಯಲ್ಲಿ ಬಡ್ತಿ ಸಿಕ್ಕಿದ್ದು ಒಂದಕ್ಕೇ, 1973ರಲ್ಲಿ ಮೂತೋಂ ರಾಥ್‌ಚೈಲ್ಡ್‌ಗೆ. ಹಾಗಾಗಿ ಪಟ್ಟಿಯ ಹೊರಗೆ, ಬೋರ್ಡೋದ್ದೇ ಬೇರೆ ಜಾಗಗಳನ್ನು ನೋಡಿ: ಫ್ರೋನ್ಸಾಕ್, ಕಾಸ್ತಿಯೋಂ, ಲಾಲಾಂದ್-ದ-ಪೊಮೆರೋಲ್. ಅಥವಾ ದೊಡ್ಡ ಮನೆಗಳ 'ಎರಡನೇ ವೈನ್', ಅಂದರೆ ಮುಖ್ಯ ವೈನಿಗೆ ಆರಿಸದೆ ಉಳಿದದ್ದರಿಂದ ಅದೇ ಮನೆಯವರು ಮಾಡುವುದು. ಎರಡನೇ ವೈನ್ ಬೇಗ ಕುಡಿಯಲು ಸಿದ್ಧವಾಗುತ್ತದೆ, ಅಷ್ಟು ದೂರ ಓಡುವುದಿಲ್ಲ. ಆದರೆ ಅತಿ ದೊಡ್ಡ ಹೆಸರುಗಳ ಎರಡನೇ ವೈನೂ ಈಗ ಬೆಲೆಯಲ್ಲಿ ಮೊದಲನೆಯದರಂತೆ ಆಡುತ್ತಿದೆ. ಅವುಗಳ ಹತ್ತಿರ ಹೋಗಬೇಡಿ.

ಪ್ರಶ್ನೆ: ಲೇಬಲ್ ನೋಡಿ ಮೋಸ ಹೋಗದಿರುವುದು ಹೇಗೆ? ರಿಸರ್ವ್, ಹಳೆ ಬಳ್ಳಿ, ಚಿನ್ನದ ಪದಕ ಎಲ್ಲಾ ಬರೆದಿರುತ್ತಾರೆ.

ಉತ್ತರ: ನಾನೂ ಹೋಗಿದ್ದೇನೆ. ನಿವೃತ್ತಿಯ ದುಡ್ಡು ಬಂದ ತಿಂಗಳು ಒಂದು ಪೆಟ್ಟಿಗೆ ಕೊಂಡೆ, 12 ಬಾಟಲಿ, ರುಚಿ ಕೂಡ ನೋಡದೆ. ಬಾಟಲಿ ಎತ್ತಿದರೆ ಕೈ ಜಗ್ಗುವಷ್ಟು ಭಾರ. ಎದೆಯ ಮೇಲೆ ಎರಡು ಪದಕ. ಒಳಗಿದ್ದದ್ದು ಓಕ್ ವಾಸನೆ ಹೊಡೆಯುವ ಸಿಹಿ ದ್ರಾವಣ. ಎರಡು ವರ್ಷದಲ್ಲಿ ಹಣ್ಣಿನ ರುಚಿ ಹೋಯಿತು, ಮರ ಉಳಿಯಿತು. ಆ ಖಾಲಿ ಬಾಟಲಿಗಳಲ್ಲಿ ಒಂದನ್ನು ಇನ್ನೂ ಬಾಗಿಲಿಗೆ ಒತ್ತಿಡಲು ಬಳಸುತ್ತಿದ್ದೇನೆ. ಅಷ್ಟಕ್ಕಂತೂ ಚೆನ್ನಾಗಿದೆ.

'ರಿಸರ್ವ್' ಎಂಬ ಪದಕ್ಕೆ ಸ್ಪೇನ್, ಇಟಲಿಯಂಥ ಕಡೆ ಕಾನೂನಿನ ಅರ್ಥವಿದೆ. ಬಹಳ ಕಡೆ ಏನೂ ಅರ್ಥವಿಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಫ್ರೆಂಚ್ ಲೇಬಲ್ ಮೇಲಿನ 'ವಿಯೇಯ್ ವೀನ್', ಅಂದರೆ ಹಳೆ ಬಳ್ಳಿ, ಅದೂ ಹಾಗೇ. ಬಳ್ಳಿಗೆ ಇಷ್ಟು ವಯಸ್ಸಾಗಿರಬೇಕು ಅಂತ ಕಾನೂನಿಲ್ಲ. ಅದರ ಬದಲು ಸಣ್ಣ ಅಕ್ಷರ ಓದಿ. ಬಾಟಲಿ ತುಂಬಿದ್ದು ಬೆಳೆದವರೇ ಅಥವಾ ಬೇರೆಯವರೇ ಅಂತ ಅಲ್ಲಿರುತ್ತದೆ. ತಯಾರಕರ ಹೆಸರು ಬರೆದಿಟ್ಟುಕೊಳ್ಳಿ. ಊರಿಗಿಂತ, ವರ್ಷಕ್ಕಿಂತ, ಆ ಹೆಸರೇ ಮುಖ್ಯ. ಸಣ್ಣ ಜಾಗದ ಒಳ್ಳೆಯ ಕೈ, ದೊಡ್ಡ ಜಾಗದ ಸೋಮಾರಿ ಕೈಗಿಂತ ಎಷ್ಟೋ ಮೇಲು.

ಪ್ರಶ್ನೆ: ನೂರಕ್ಕೆ ತೊಂಬತ್ತೈದು ಅಂಕ ಬಂದ ವೈನುಗಳನ್ನೇ ಕೊಂಡರೆ ಸಾಕಲ್ವಾ?

ಉತ್ತರ: ಅಂಕ ಕೊಟ್ಟವರ ನಾಲಿಗೆ ನಿಮ್ಮ ಬಾಯಲ್ಲಿ ಇದ್ದರೆ ಸಾಕು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಬೆಲೆ ಗೊತ್ತಾಗದಂತೆ ನಡೆಸಿದ 6,000ಕ್ಕೂ ಹೆಚ್ಚು ರುಚಿ ಪರೀಕ್ಷೆಗಳ ಲೆಕ್ಕ. ತರಬೇತಿ ಇಲ್ಲದ ಸಾಮಾನ್ಯ ಜನ ದುಬಾರಿ ವೈನನ್ನು ತುಸು ಕಡಿಮೆಯೇ ಮೆಚ್ಚಿದ್ದರು. ಹಡಗಿನಲ್ಲಿ ನಾನೂ ಇದನ್ನು ಕಂಡಿದ್ದೇನೆ. ಲೇಬಲ್ ಕಂಡಾಗ ಕಣ್ಣರಳಿಸಿದವರು, ಕಾಣದಿದ್ದಾಗ ಪಕ್ಕದ ಸಾದಾ ವೈನನ್ನೇ ಇನ್ನೊಂದು ಗ್ಲಾಸ್ ಕೇಳುತ್ತಿದ್ದರು.

ಅಂಕಕ್ಕಿಂತ ವರ್ಷದ ಮಾಹಿತಿ ಉಪಯೋಗಕ್ಕೆ ಬರುತ್ತದೆ, ಆದರೆ ತಲೆಕೆಳಗಾಗಿ. ಬೋರ್ಡೋದಲ್ಲಿ 2005, 2010, 2016 ಬಲವಾದ ವರ್ಷಗಳು. ಎಲ್ಲರೂ ಮುಗಿಬಿದ್ದರು. ಇಂಥ ವರ್ಷಗಳಲ್ಲಿ ಸಣ್ಣ ಹೆಸರಿನವರ ವೈನ್ ಕೊಳ್ಳಿ, ಬಿಸಿಲು ಎಲ್ಲರ ತೋಟದ ಮೇಲೂ ಬಿದ್ದಿರುತ್ತದೆ. 2007ರಂಥ ತೆಳು ವರ್ಷದಲ್ಲಿ ದೊಡ್ಡ ಹೆಸರಿನವರದ್ದು ಕೊಳ್ಳಿ, ಕೆಟ್ಟ ಹಣ್ಣನ್ನು ಆರಿಸಿ ಎಸೆಯುವಷ್ಟು ತಾಕತ್ತು ಅವರಿಗಿರುತ್ತದೆ. ಅದು ಬೇಗ ಕುಡಿಯಲು. ಇಡಲು ಅಲ್ಲ.

ಪ್ರಶ್ನೆ: ನೆಲಮಾಳಿಗೆ ಇಲ್ಲದವರು ವೈನ್ ಇಡುವುದು ಎಲ್ಲಿ? ಫ್ರಿಜ್‌ನಲ್ಲಿ ಇಡಬಹುದೇ?

ಉತ್ತರ: ಮೊದಲು ನನ್ನ ಕಥೆ ಕೇಳಿ. ಒಂದು ಹಡಗಿನಲ್ಲಿ ನನ್ನ ಸ್ಟೋರಿನ ಹಿಂಗೋಡೆಯ ಆಚೆ ಎಂಜಿನ್ನಿನ ಬಿಸಿ ಕೊಳವೆ ಹಾದುಹೋಗುತ್ತಿತ್ತು. ಕೂಲರ್ ನಡೆಯುತ್ತಿದ್ದಾಗ ತೊಂದರೆಯಿರಲಿಲ್ಲ. ಒಂದು ಸಲ ಅದು ನಿಂತುಹೋಯಿತು. ಗೋಡೆಯ ಥರ್ಮಾಮೀಟರ್ ದಿನಾ ನೋಡುವುದು ನನ್ನ ಕೆಲಸ. ಹಬ್ಬದ ಗದ್ದಲದಲ್ಲಿ ನೋಡಲಿಲ್ಲ. ಒಂಬತ್ತನೇ ದಿನ ಬಾಗಿಲು ತೆರೆದಾಗ 34 ಡಿಗ್ರಿ. ಕಾರ್ಕ್‌ಗಳು ಮೇಲಕ್ಕೆ ಉಬ್ಬಿ ಮುಚ್ಚಳದ ಹಾಳೆಯನ್ನು ತಳ್ಳುತ್ತಿದ್ದವು, ಕೆಲವುದರ ಕತ್ತಿನ ಮೇಲೆ ಜಿನುಗಿದ ಕಲೆ. ಕುದಿಸಿದ ಜಾಮ್ ಥರ ರುಚಿ. ಮೇಲಧಿಕಾರಿ ಕೂಗಾಡಲಿಲ್ಲ, ಸುಮ್ನೆ ಒಂದು ಗ್ಲಾಸ್ ನನ್ನ ಮುಂದೆ ಇಟ್ಟು ಹೋದರು. ಕೂಗಾಡಿದ್ದರೇ ವಾಸಿಯಿತ್ತು.

ಅಂದರೆ ವೈನಿನ ಮೊದಲ ಶತ್ರು ಬಿಸಿ. ಎರಡನೆಯದು ಏರಿಳಿತ. 12-13 ಡಿಗ್ರಿ ಆದರ್ಶ. ಅದು ಸಿಗದಿದ್ದರೆ 17-18 ಡಿಗ್ರಿ, ಆದರೆ ವರ್ಷವಿಡೀ ಒಂದೇ ಸಮ. ವೈನ್ ಸ್ವಲ್ಪ ಬೇಗ ಮಾಗುತ್ತದೆ, ಅಷ್ಟೇ. 25 ದಾಟಿ ವಾರಗಟ್ಟಲೆ ನಿಲ್ಲುವ ಜಾಗವಾದರೆ ಇಡುವ ಆಸೆ ಬಿಡಿ, ಅಥವಾ ವೈನಿಗೆಂದೇ ಇರುವ ಚಿಕ್ಕ ಶೈತ್ಯ ಕಪಾಟು ಕೊಳ್ಳಿ. ಅದರ ಬೆಲೆಯನ್ನೂ ವೈನಿನ ಲೆಕ್ಕಕ್ಕೇ ಸೇರಿಸಿ. ಸಾದಾ ಫ್ರಿಜ್ ಕೆಲವು ತಿಂಗಳಿಗೆ ಪರವಾಗಿಲ್ಲ. ವರ್ಷಗಟ್ಟಲೆ ಬೇಡ, ಒಳಗಿನ ಗಾಳಿ ಒಣ, ಕಾರ್ಕ್ ಕುಗ್ಗುತ್ತದೆ. ಕಾರ್ಕ್ ಬಾಟಲಿ ಮಲಗಿಸಿಡಿ, ಕತ್ತಲಲ್ಲಿಡಿ. ಉಳಿದದ್ದೆಲ್ಲ ಶೋಕಿ.

ಪ್ರಶ್ನೆ: ಸ್ಕ್ರೂ ಮುಚ್ಚಳದ ವೈನ್ ಇಡಲು ಬರುತ್ತದೆಯೇ?

ಉತ್ತರ: ಧಾರಾಳವಾಗಿ. ಕಾರ್ಕ್‌ಗೆ ಅಂಟುವ ಟಿಸಿಎ ಎಂಬ ರಾಸಾಯನಿಕದಿಂದ ವೈನಿಗೆ ಒದ್ದೆ ರಟ್ಟಿನ ವಾಸನೆ ಹಿಡಿಯುವ ಭಯ ಬಹುಮಟ್ಟಿಗೆ ಇಲ್ಲ. ನಿಲ್ಲಿಸಿಯೂ ಇಡಬಹುದು. ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ತಯಾರಕರು 2000ದಲ್ಲಿ ಒಟ್ಟಾಗಿ ತಮ್ಮ ರೀಸ್ಲಿಂಗ್ ಎಂಬ ಬಿಳಿ ವೈನಿಗೆ ಈ ಮುಚ್ಚಳ ಹಾಕಿದರು, ಆಮೇಲೆ ಕೆಂಪು ವೈನ್‌ನವರೂ ಬಂದರು. 'ಟಪ್' ಅನ್ನುವ ಸದ್ದು ಬೇಕು ಅನ್ನುವವರಿಗೆ ನನ್ನ ಬಳಿ ಮದ್ದಿಲ್ಲ.

ಪ್ರಶ್ನೆ: ಒಂದೊಂದೇ ಬಾಟಲಿ ಕೊಂಡು ಸಂಗ್ರಹ ಬೆಳೆಸಬೇಕೋ, ಪೆಟ್ಟಿಗೆ ಲೆಕ್ಕದಲ್ಲಿ ಕೊಳ್ಳಬೇಕೋ? ತೆಗೆಯುವ ಸರಿಯಾದ ವರ್ಷ ತಿಳಿಯುವುದು ಹೇಗೆ?

ಉತ್ತರ: ಮೊದಲು ಒಂದು ಕೊಂಡು ಕುಡಿಯಿರಿ. ಅರ್ಧ ಕುಡಿದು, ಉಳಿದದ್ದನ್ನು ಕಾರ್ಕ್ ಹಾಕಿ ಮಾರನೇ ದಿನ ನೋಡಿ. ಎರಡನೇ ದಿನ ಇನ್ನೂ ಚೆನ್ನಾಗಿದ್ದರೆ ಅದಕ್ಕೆ ಆಯುಸ್ಸಿದೆ. ಸಪ್ಪೆಯಾಗಿದ್ದರೆ ಇಲ್ಲ. ಇದು ಪಕ್ಕಾ ಪರೀಕ್ಷೆಯೇನಲ್ಲ, ಆದರೆ ನನ್ನನ್ನು ಬಹಳ ಸಲ ಉಳಿಸಿದೆ. ಚೆನ್ನಾಗಿದ್ದರೆ ಮರುದಿನವೇ ಹೋಗಿ ಆರು ತನ್ನಿ. ಮೂರಕ್ಕಿಂತ ಕಡಿಮೆ ಇದ್ದರೆ ಒಂದು ವೈನ್ ಮಾಗುವುದನ್ನು ನೋಡಲು ಆಗುವುದಿಲ್ಲ.

ಸರಿಯಾದ ವರ್ಷ ಬಾಟಲಿಯನ್ನೇ ಕೇಳಬೇಕು. ನಾನು ಒಂದು ಬಾಂದೋಲ್ ಕೊಂಡಿದ್ದೆ, ಆರು ಬಾಟಲಿ. ಫ್ರಾನ್ಸಿನ ಮೆಡಿಟರೇನಿಯನ್ ತೀರದ ವೈನ್. ಅರ್ಧದಷ್ಟಾದರೂ ಮುರ್ವೆದ್ರ್ ದ್ರಾಕ್ಷಿ ಇರಬೇಕು, 18 ತಿಂಗಳು ಮರದ ಪೀಪಾಯಿಯಲ್ಲಿ ಇರಬೇಕು ಎಂಬುದು ಅಲ್ಲಿನ ನಿಯಮ. ಮೂರನೇ ವರ್ಷ ತೆಗೆದಾಗ ಒರಟು, ಆದರೆ ಜೀವ ತುಂಬಿತ್ತು. ಆರನೇ ವರ್ಷ ತೆಗೆದರೆ ಮಾತೇ ಆಡಲಿಲ್ಲ. ವಾಸನೆಯಿಲ್ಲ, ಹಣ್ಣಿಲ್ಲ, ಬರೀ ಗೋಡೆ. ಕೆಟ್ಟುಹೋಯಿತು ಅಂದುಕೊಂಡು ಎರಡು ಬಾಟಲಿ ಯಾರಿಗೋ ಕೊಟ್ಟುಬಿಟ್ಟೆ. ಗಟ್ಟಿ ವೈನುಗಳು ನಡುವಯಸ್ಸಿನಲ್ಲಿ ಹೀಗೆ ಮುಚ್ಚಿಕೊಳ್ಳುವುದುಂಟು ಅಂತ ಪುಸ್ತಕದಲ್ಲಿ ಓದಿದ್ದೆ, ನಂಬಿರಲಿಲ್ಲ. ಹತ್ತನೇ ವರ್ಷ ಐದನೆಯದನ್ನು ತೆಗೆದೆ. ಚರ್ಮ, ಒಣ ಗಿಡಮೂಲಿಕೆ, ಒಳಗೊಳಗೇ ಕಪ್ಪು ಹಣ್ಣು. ಆ ಎರಡು ಬಾಟಲಿ ಪಡೆದವರಿಗೆ ಫೋನ್ ಮಾಡಿದೆ. ಆ ವಾರವೇ ಕುಡಿದು ಮುಗಿಸಿದ್ದರಂತೆ, ಚೆನ್ನಾಗಿರಲಿಲ್ಲವಂತೆ.

ಪ್ರಶ್ನೆ: ಹಳೆ ವೈನ್ ಮಾರಿ ಲಾಭ ಮಾಡಬಹುದಂತೆ. ಹೂಡಿಕೆಯಾಗಿ ಕೊಳ್ಳಲೇ?

ಉತ್ತರ: ಬೇಡ. ಮೇಲೆ ಹೇಳಿದ ಯಾವ ವೈನನ್ನೂ ಲಾಭಕ್ಕೆ ಕೊಳ್ಳುವವರು ಸಿಗುವುದಿಲ್ಲ, ಅವು ಅಗ್ಗವಾಗಿರುವುದೇ ಅದಕ್ಕೆ. ಲಾಭ ತರುವ ಹೆಸರುಗಳಲ್ಲಿ ನಕಲಿಗಳ ಕಾಟ. ಹರಾಜುಗಳಲ್ಲಿ ದೊಡ್ಡ ಸಂಗ್ರಾಹಕ ಎಂದು ಮೆರೆದ ರೂಡಿ ಕುರ್ನಿಯಾವಾನ್ ತನ್ನ ಮನೆಯಲ್ಲೇ ವೈನ್ ಬೆರೆಸಿ ಹಳೆಯ ಲೇಬಲ್ ಅಂಟಿಸುತ್ತಿದ್ದ. 2014ರಲ್ಲಿ ಅಮೆರಿಕದ ನ್ಯಾಯಾಲಯ 10 ವರ್ಷ ಶಿಕ್ಷೆ ಕೊಟ್ಟಿತು. ದೊಡ್ಡ ದೊಡ್ಡ ಪರಿಣತರೇ ಅವನ ವೈನ್ ಕುಡಿದು ಹೊಗಳಿದ್ದರು.

ಪ್ರಶ್ನೆ: ಹದಿನಾಲ್ಕು ವರ್ಷದ ಗ್ರಾನ್ ರೆಸೆರ್ವಾ ತೆಗೆದಾಗ ಗ್ಲಾಸಿನಲ್ಲಿ ಮಣ್ಣಿನಂಥ ಪುಡಿ ಬಂತು. ಕಾರ್ಕ್ ಕೂಡ ಮುರಿಯಿತು. ಚೆಲ್ಲಿಬಿಟ್ಟೆವು. ಸರಿ ಮಾಡಿದೆವಾ?

ಉತ್ತರ: ಅಯ್ಯೋ, ಇಲ್ಲ! ಅದು ಗಸಿ. ಇಷ್ಟು ಹೊತ್ತು ಹೇಳಿದ ಒಗರು, ಬಣ್ಣ ಎರಡೂ ಕೂಡಿ ತಳಕ್ಕಿಳಿದದ್ದು. ಬಾಯಿಗೆ ಕಹಿ, ದೇಹಕ್ಕೆ ಏನೂ ಮಾಡುವುದಿಲ್ಲ. ಮುಂದಿನ ಸಲ ಕುಡಿಯುವ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ತಳದಲ್ಲಿ ಕೂರಲಿ. ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಇಟ್ಟುಕೊಂಡು ನಿಧಾನವಾಗಿ ಒಂದು ಹೂಜಿಗೆ ಬಗ್ಗಿಸಿ. ನಡುವೆ ನಿಲ್ಲಿಸಬೇಡಿ, ನಿಲ್ಲಿಸಿದರೆ ಕದಡುತ್ತದೆ. ಕತ್ತಿನ ಹತ್ತಿರ ಕಪ್ಪು ಎಳೆ ಕಂಡ ಕೂಡಲೇ ಸಾಕು ಮಾಡಿ. ಹಳೆಯ ವೈನನ್ನು ಹೂಜಿಯಲ್ಲಿ ಗಂಟೆಗಟ್ಟಲೆ ಬಿಡಬೇಡಿ, ಗಾಳಿಗೆ ಬೇಗ ಸೋಲುತ್ತದೆ. ಕಾರ್ಕ್ ಮುರಿದರೆ ಉಳಿದ ತುಂಡನ್ನು ಚಮಚದ ಹಿಡಿಯಿಂದ ಒಳಗೆ ತಳ್ಳಿ, ಸಣ್ಣ ಜಾಲರಿಯಲ್ಲಿ ಸೋಸಿಕೊಳ್ಳಿ. ಅದರ ಜೊತೆ ಇನ್ನೊಂದು ಬಾಟಲಿ ಕೊಂಡಿದ್ದೀರಾ?